ಚಿಲ್ಲರೆಯಲ್ಲಿ ಬಂದ ಹಳೆಯ ನಾಣ್ಯ

ಅಂಗಡಿಯವನು ಹಿಂದಿರುಗಿಸಿದ ಚಿಲ್ಲರೆಯನ್ನು ಎಣಿಸಿಕೊಳ್ಳುವವರುಂಟು, ನೋಡಿಕೊಳ್ಳುವವರು ವಿರಳ. ಎಣಿಸುವುದಕ್ಕೆ ನಾಣ್ಯದ ಗಾತ್ರವೊಂದು ಗೊತ್ತಿದ್ದರೆ ಸಾಕು, ಬೆರಳೇ ಆ ಕೆಲಸವನ್ನು ಮಾಡಿಬಿಡುತ್ತದೆ. ನೋಡುವುದಕ್ಕಾದರೋ ಕಣ್ಣೂ ಬೇಕು, ಅರ್ಧ ನಿಮಿಷದ ಬಿಡುವೂ ಬೇಕು. ಉಡುಪಿಯ ರಥಬೀದಿಯಲ್ಲಾಗಲಿ, ಕಾರ್ಕಳದ ಪೇಟೆಯಲ್ಲಾಗಲಿ, ಕಾಪುವಿನ ಮೀನುಮಾರುಕಟ್ಟೆಯಲ್ಲಾಗಲಿ ಕೈಯಿಂದ ಕೈಗೆ ಸಾಗುವ ಬಿಲ್ಲೆಗಳ ನಡುವೆ ಒಮ್ಮೊಮ್ಮೆ ಅಪರಿಚಿತವಾದ ಮುಖವೊಂದು ಬಂದು ಸೇರಿರುತ್ತದೆ; ಕಿರೀಟ ಧರಿಸಿದ ದೊರೆಯದೋ, ಹೆಜ್ಜೆಯಿಡುತ್ತಿರುವ ಹುಲಿಯದೋ. ಅದು ಎಲ್ಲಿಂದ ಬಂದಿತು, ಇಷ್ಟು ಕಾಲ ಎಲ್ಲಿ ಅಡಗಿದ್ದಿತು, ಅದನ್ನು ಪಡೆದವರು ಏನು ಮಾಡತಕ್ಕದ್ದು ಎಂಬುದನ್ನು ಇಂದು ವಿಚಾರಿಸೋಣ.

ಮೊದಲಿಗೆ ಅತ್ಯಾಶೆಯನ್ನು ಸ್ವಲ್ಪ ತಗ್ಗಿಸಬೇಕಾಗಿದೆ. ೨೦೧೧ನೆಯ ಇಸವಿ ಜೂನ್ ೩೦ರಿಂದ ಇಪ್ಪತ್ತೈದು ಪೈಸೆಯೂ ಅದಕ್ಕಿಂತ ಕಡಮೆ ಬೆಲೆಯ ನಾಣ್ಯಗಳೂ ಚಲಾವಣೆಯಿಂದ ಹೊರಬಿದ್ದುವು. ಐವತ್ತು ಪೈಸೆಗೆ ಶಾಸನದ ಮಾನ್ಯತೆ ಉಳಿದಿದ್ದರೂ ಹತ್ತು ರೂಪಾಯಿಯವರೆಗಿನ ಪಾವತಿಗೆ ಮಾತ್ರ ಅದು ಸಲ್ಲುತ್ತದೆ. ಅಂಗಡಿಯಲ್ಲಂತೂ ಅದರ ಸ್ಥಾನವನ್ನು ಮಿಠಾಯಿ ಆಕ್ರಮಿಸಿ ಬಹುಕಾಲವಾಯಿತು. ಹೀಗಿರುವುದರಿಂದ ನಮ್ಮ ಜೇಬಿಗೆ ನ್ಯಾಯವಾಗಿ ಬರಬಹುದಾದ ಹಳೆಯ ನಾಣ್ಯಗಳೆಂದರೆ ೧೯೭೫ರಿಂದ ೧೯೮೨ರವರೆಗೆ ಟಂಕಿಸಿದ, ಸುಮಾರು ಎಂಟು ಗ್ರಾಂ ತೂಕದ ದೊಡ್ಡ ರೂಪಾಯಿ. ಭಾರತದ ಭೂಪಟವನ್ನು ಹೊತ್ತ ಹನ್ನೊಂದು ಮೂಲೆಯ ಎರಡು ರೂಪಾಯಿ. ಅಂಗೈಯಲ್ಲಿ ಭಾರವೆನಿಸುವ ದಪ್ಪನೆಯ ಐದು ರೂಪಾಯಿ. ಇವಕ್ಕಿಂತ ಹಳೆಯವು ಬಂದರೆ ಅವು ತಪ್ಪುದಾರಿಯಿಂದ ಬಂದವೆಂದೇ ತಿಳಿಯಬೇಕು.

ಆ ತಪ್ಪುದಾರಿ ಹೇಗೆ ಏರ್ಪಡುತ್ತದೆಂಬುದಕ್ಕೆ ಒಂದು ಉದಾಹರಣೆಯನ್ನು ಕೊಡುವೆವು. ಆರನೆಯ ಜಾರ್ಜ್ ದೊರೆಯ ಕಾಲದ ಅರ್ಧ ರೂಪಾಯಿಯ ಅಡ್ಡಗಲ ಸುಮಾರು ೨೪ ಮಿಲಿಮೀಟರು. ೧೯೯೨ರಿಂದ ಬಳಕೆಗೆ ಬಂದ ಉಕ್ಕಿನ ಒಂದು ರೂಪಾಯಿಯದು ೨೫. ಮಬ್ಬುಬೆಳಕಿನಲ್ಲಿ, ಬಸ್ಸಿನ ನೂಕುನುಗ್ಗಲಿನಲ್ಲಿ, ಒಂದು ಮಿಲಿಮೀಟರಿನ ಅಂತರವನ್ನು ಯಾವ ಬೆರಳೂ ಗುರುತಿಸಲಾರದು. ೧೯೪೬ ಮತ್ತು ೧೯೪೭ರ ಹುಲಿಯ ಚಿತ್ರವುಳ್ಳ ನಿಕ್ಕಲ್ಲಿನ ಎಂಟಾಣೆಯು ಈ ರೀತಿ ಒಂದು ರೂಪಾಯಿಯ ವೇಷದಲ್ಲಿ ನುಸುಳಿ ಬರುವುದು ಅಸಂಭವವೇನೂ ಅಲ್ಲ.

ಆದರೆ ಅದು ಮೊದಲು ಪೇಟೆಗೆ ಬಂದದ್ದಾದರೂ ಎಲ್ಲಿಂದ? ನಮ್ಮ ಕರಾವಳಿಯ ಮಟ್ಟಿಗೆ ಇದಕ್ಕೆ ಉತ್ತರವನ್ನು ಮನೆಯ ದೇವರ ಕೋಣೆಯಲ್ಲಿ ಹುಡುಕಬೇಕು. ಮನೆಯಲ್ಲಿ ಕಾಯಿಲೆಯಾದಾಗ, ಹೆರಿಗೆ ಕಷ್ಟವಾದಾಗ, ಮಗನು ಹೊಟ್ಟೆಪಾಡಿಗೆಂದು ಮುಂಬಯಿಗೆ ಹೊರಟಾಗ, ಹಿರಿಯರು ನಾಣ್ಯವೊಂದನ್ನು ಅರಸಿನ ಹಚ್ಚಿದ ಬಟ್ಟೆಯ ತುಂಡಿನಲ್ಲಿ ಕಟ್ಟಿ ತಿರುಪತಿಗೋ ಧರ್ಮಸ್ಥಳಕ್ಕೋ ಊರಿನ ದೈವಕ್ಕೋ ಹರಕೆ ಹೇಳಿಕೊಂಡು ತೆಗೆದಿಡುವುದು ವಾಡಿಕೆ. ಇದೇ ಮುಡಿಪು. ಯಾತ್ರೆ ಕೈಗೂಡಿದರೆ ಗಂಟು ದೇವರನ್ನು ಸೇರುತ್ತದೆ. ಕೈಗೂಡದಿದ್ದರೆ ಒಂದು ತಲೆಮಾರು, ಎರಡು ತಲೆಮಾರು ಹಾಗೆಯೇ ಪೆಟ್ಟಿಗೆಯಲ್ಲಿ ಕುಳಿತಿರುತ್ತದೆ. ಗಂಟಿನಲ್ಲಿರುವ ನಾಣ್ಯ ಸವೆಯುವುದಿಲ್ಲವಾದುದರಿಂದ, ಪೇಟೆಯಲ್ಲಿ ಓಡಾಡಿ ಮುಖ ಕಳೆದುಕೊಂಡ ಅದರ ಜೊತೆಗಾರರಿಗಿಂತ ಇದರ ಅಚ್ಚು ಎಷ್ಟೋ ಸ್ಪಷ್ಟವಾಗಿರುತ್ತದೆ. ಮುಂದೆ ಮನೆ ಪಾಲಾಗುವಾಗಲೋ ಹಳೆಯ ಮನೆಯನ್ನು ಕೆಡವುವಾಗಲೋ ಗಂಟು ಹೊರಬೀಳುತ್ತದೆ. ಯಾರು ಕಟ್ಟಿದರು, ಯಾವುದಕ್ಕಾಗಿ ಕಟ್ಟಿದರು ಎಂಬುದು ಯಾರಿಗೂ ನೆನಪಿರುವುದಿಲ್ಲ. ಬಟ್ಟೆಯನ್ನು ಬಿಸುಟು ನಾಣ್ಯವನ್ನು ಕಾಣಿಕೆ ಡಬ್ಬಿಗೆ ಹಾಕುತ್ತಾರೆ. ಡಬ್ಬಿಯ ಹಣವನ್ನು ಎಣಿಸಿದ ಮೇಲೆ ಚಿಲ್ಲರೆಗಾಗಿ ಪರದಾಡುವ ವರ್ತಕರು ಅದನ್ನು ನೋಟು ಕೊಟ್ಟು ಕೊಂಡೊಯ್ಯುತ್ತಾರೆ. ಅಲ್ಲಿಂದ ಮುಂದಕ್ಕೆ ಅದು ನಮ್ಮ ನಿಮ್ಮ ಜೇಬು.

ಬೆಳ್ಳಿಯ ನಾಣ್ಯಗಳು ಪೆಟ್ಟಿಗೆ ಸೇರಿದುದಕ್ಕೆ ಇನ್ನೊಂದು ಕಾರಣವೂ ಉಂಟು. ೧೮೩೫ರಿಂದ ನಡೆದುಬಂದ ರೂಪಾಯಿಯಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿಯಿದ್ದಿತು. ಎರಡನೆಯ ಮಹಾಯುದ್ಧದ ನಡುವೆ, ೧೯೪೦ರಲ್ಲಿ, ಅದನ್ನು ಅರ್ಧಕ್ಕೆ ಇಳಿಸಿದರು. ಹಳೆಯ ಬೆಳ್ಳಿಯನ್ನು ಸರ್ಕಾರದವರು ಹಂತಹಂತವಾಗಿ ಹಿಂದಕ್ಕೆ ಕರೆದರು. ಒಂದೇ ಬೆಲೆಯ ಎರಡು ನಾಣ್ಯಗಳಲ್ಲಿ ಒಂದು ಶುದ್ಧವೂ ಇನ್ನೊಂದು ಬೆರಕೆಯೂ ಆಗಿದ್ದರೆ ಜನರು ಬೆರಕೆಯದನ್ನು ಖರ್ಚುಮಾಡಿ ಶುದ್ಧವಾದುದನ್ನು ಬಚ್ಚಿಡುವರು. ಇಂಗ್ಲೆಂಡಿನ ಗ್ರೆಷಮ್ ಎಂಬ ಹದಿನಾರನೆಯ ಶತಮಾನದ ವರ್ತಕನ ಹೆಸರನ್ನು ಈ ನಿಯಮಕ್ಕೆ ಇಟ್ಟಿದ್ದಾರೆ. ನಮ್ಮ ಅಜ್ಜಿಯರಿಗೆ ಆತನ ಹೆಸರು ತಿಳಿಯದಿದ್ದರೂ ನಿಯಮವು ಚೆನ್ನಾಗಿಯೇ ತಿಳಿದಿದ್ದಿತು.

ಚಿಲ್ಲರೆ ಕಾಸನ್ನು ಕುರಿತು ಉಡುಪಿಯಷ್ಟು ಆಳವಾಗಿ ಚಿಂತಿಸಿದ ಊರುಗಳು ದೇಶದಲ್ಲಿ ಹೆಚ್ಚಿಲ್ಲವೆಂದು ನಮ್ಮ ಅಭಿಪ್ರಾಯ. ೧೯೦೬ರಲ್ಲಿ ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಇಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ನನ್ನು ಐದು ಸಾವಿರ ರೂಪಾಯಿಗಳ ಬಂಡವಾಳದಿಂದ ಆರಂಭಿಸಿದರು. ಮೊದಲ ದಿನದ ಕೊನೆಗೆ ಅದರಲ್ಲಿ ಕೂಡಿದ್ದ ಹಣ ೩೮ ರೂಪಾಯಿ ೧೩ ಆಣೆ ೨ ಪೈ. ಇಂದಿನ ಕಿರಿಯರಿಗಾಗಿ ಈ ಲೆಕ್ಕವನ್ನು ಬಿಡಿಸಿ ಹೇಳಬೇಕು: ಹನ್ನೆರಡು ಪೈಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ, ಎಂದರೆ ರೂಪಾಯಿಗೆ ೧೯೨ ಪೈ. ಆ ಕೊನೆಯ ಎರಡು ಪೈಯನ್ನು ಬಿಡದೆ ಬರೆದಿಟ್ಟ ಲೇಖಕನನ್ನು ನಾವು ಮನಸಾರ ಮೆಚ್ಚುತ್ತೇವೆ. ೧೯೨೫ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಇವರು ಸ್ಥಾಪಿಸಿದ ಬ್ಯಾಂಕು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಹೊರಡಿಸಿತು. ಗುಮಾಸ್ತನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದುಕೊಂಡು ಹೋಗುತ್ತಿದ್ದನು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ ಮಣಿಪಾಲದಲ್ಲಿ ನೆಲೆಸಿದ್ದು ಇದೇ. ೨೦೨೦ರ ಏಪ್ರಿಲ್ ೧ರಂದು ಇವೆರಡು ಸಂಸ್ಥೆಗಳೂ ಬೇರೆ ಬ್ಯಾಂಕುಗಳಲ್ಲಿ ಲೀನವಾದುವು. ಅದಕ್ಕೆ ಮೊದಲೇ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಕಾರ್ಪೊರೇಷನ್ ಬ್ಯಾಂಕಿನವರು ನಾಣ್ಯಗಳ ಸಂಗ್ರಹಾಲಯವೊಂದನ್ನು ಏರ್ಪಡಿಸಿದ್ದರು. ಅಂಗೈಯ ನಾಣ್ಯವನ್ನು ಅದರ ಪೂರ್ವಿಕರ ಪಕ್ಕದಲ್ಲಿಟ್ಟು ನೋಡಬೇಕೆಂಬುವರಿಗೆ ಅಂತಹ ಸ್ಥಳಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ.

ಆ ಪಿಗ್ಮಿಯ ಎರಡಾಣೆಗೆ ೧೯೫೭ರಲ್ಲಿ ಒಂದು ವಿನೋದ ಸಂಭವಿಸಿತು. ಏಪ್ರಿಲ್ ೧ರಿಂದ ರೂಪಾಯಿಯನ್ನು ನೂರು ನಯೇ ಪೈಸೆಗಳಾಗಿ ವಿಭಾಗಿಸಿದರು. ನಾಲ್ಕಾಣೆಗೆ ಸರಿಯಾಗಿ ಇಪ್ಪತ್ತೈದು; ಒಂದಾಣೆಗಾದರೋ ಆರೂಕಾಲು. ಕಾಲು ಪೈಸೆಯ ನಾಣ್ಯವಿಲ್ಲದುದರಿಂದ ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು ಎಂದು ಕೋಷ್ಟಕವನ್ನು ಪ್ರಕಟಿಸಿದರು. ಮೂರು ಸಲ ಒಂದೊಂದಾಣೆ ಕೊಟ್ಟವನಿಗೆ ಹದಿನೆಂಟು, ಒಟ್ಟಿಗೆ ಕೊಟ್ಟವನಿಗೆ ಹತ್ತೊಂಬತ್ತು! ಕೆಲವು ವರ್ಷ ಎರಡು ಬಗೆಯ ನಾಣ್ಯಗಳೂ ಒಂದೇ ಚೀಲದಲ್ಲಿ ಸಂಸಾರ ಮಾಡಿದುವು. ‘ನಯೇ’ ಎಂಬ ವಿಶೇಷಣ ೧೯೬೪ರಲ್ಲಿ ಬಿದ್ದುಹೋಯಿತು. ‘ನಾಲ್ಕಾಣೆ’, ‘ಎಂಟಾಣೆ’ ಎಂಬ ಮಾತುಗಳು ಮಾತ್ರ ಆಣೆಗಳು ಮಾಯವಾದ ಮೇಲೂ ಬಾಯಲ್ಲಿ ಉಳಿದುವು. ನಮ್ಮ ಭಾಷೆಯ ಅಭ್ಯಾಸವೇ ಹೀಗೆ. ‘ಹಣ’, ‘ದುಡ್ಡು’, ‘ಕಾಸು’ ಇವೆಲ್ಲವೂ ಒಂದಾನೊಂದು ಕಾಲದಲ್ಲಿ ಒಂದೊಂದು ನಾಣ್ಯದ ಹೆಸರುಗಳೇ ಆಗಿದ್ದುವು.

ನಾಣ್ಯವನ್ನು ಓದುವ ಕ್ರಮ ಕಷ್ಟದ್ದಲ್ಲ. ಮೊದಲು ಇಸವಿ, ಅನಂತರ ಇಸವಿಯ ಕೆಳಗಿನ ಚಿಹ್ನೆ. ಸ್ವತಂತ್ರ ಭಾರತದ ನಾಣ್ಯಗಳಲ್ಲಿ ಸಾಮಾನ್ಯವಾಗಿ ವಜ್ರಾಕೃತಿಯು ಮುಂಬಯಿ ಟಂಕಸಾಲೆಯದು, ನಕ್ಷತ್ರವು ಹೈದರಾಬಾದಿನದು, ದುಂಡು ಚುಕ್ಕೆಯು ನೋಯ್ಡಾದ್ದು; ಏನೂ ಇಲ್ಲದಿದ್ದರೆ ಕಲ್ಕತ್ತೆಯದು. ೧೯೮೫ರ ಒಂದು ರೂಪಾಯಿಯ ಇಸವಿಯ ಕೆಳಗೆ ‘ಎಚ್’ ಅಕ್ಷರವಿದ್ದರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯಲ್ಲಿ ಹುಟ್ಟಿದುದು. ಇನ್ನು ರಾಜಮುಖದ ನಾಣ್ಯಗಳು. ವಿಕ್ಟೋರಿಯಾಳನ್ನು ೧೮೭೬ರವರೆಗೆ ‘ರಾಣಿ’ಯೆಂದೂ ೧೮೭೭ರಿಂದ ‘ಚಕ್ರವರ್ತಿನಿ’ಯೆಂದೂ ಮುದ್ರಿಸಿದರು. ಕಾಪುವಿನ ದೀಪಸ್ತಂಭ ಎದ್ದ ೧೯೦೧ನೆಯ ಇಸವಿಯೇ ಅವಳು ತೀರಿಕೊಂಡ ವರ್ಷ. ಅವಳ ಮುಖದ ಕೊನೆಯ ರೂಪಾಯಿಗಳ ಮೇಲೆ ಇರುವುದೂ ಅದೇ ಇಸವಿ. ಇಸವಿಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ: ೧೮೬೨ ಎಂದಿರುವ ರೂಪಾಯಿಗಳನ್ನು ೧೮೭೪ರವರೆಗೂ ಅದೇ ಇಸವಿಯಿಂದ ಹೊಡೆಯುತ್ತಿದ್ದರು, ನಿಜವಾದ ವರ್ಷವನ್ನು ಸಣ್ಣ ಚುಕ್ಕೆಗಳಿಂದ ಊಹಿಸಬೇಕು.

ಬೆಲೆಯ ಮಾತನ್ನು ಎತ್ತದಿದ್ದರೆ ಕೇಳುಗರು ನಮ್ಮನ್ನು ಬಿಡಲಾರರು. ಹಳೆಯದೆಲ್ಲವೂ ದುಬಾರಿಯೆಂಬುದು ಸುಳ್ಳು. ಕಂಪೆನಿ ಸರ್ಕಾರದ ೧೮೩೫ರ ತಾಮ್ರದ ಕಾಲಾಣೆ ಸಾಕಷ್ಟು ಸುಲಭವಾಗಿ ಸಿಕ್ಕುವ ವಸ್ತು. ಅದಕ್ಕಿಂತ ನೂರಾನಾಲ್ಕು ವರ್ಷ ಕಿರಿದಾದ ೧೯೩೯ರ ರೂಪಾಯಿ ಅಪರೂಪ. ಆದುದರಿಂದಲೇ ಅದರ ನಕಲುಗಳು ಅಪರೂಪವಲ್ಲ. ೧೯೧೧ರಲ್ಲಿ ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆಯು ಹಂದಿಯಂತೆ ಕಂಡಿತೆಂದು ಗದ್ದಲವೆದ್ದು, ಹೊರಬೀಳದೆ ಉಳಿದಿದ್ದ ರೂಪಾಯಿಗಳನ್ನು ಕರಗಿಸಿ ಮುಂದಿನ ವರ್ಷ ಆನೆಯನ್ನು ತಿದ್ದಿದರು. ಆ ಒಂದು ವರ್ಷದ ರೂಪಾಯಿಗೆ ಅದರಿಂದಲೇ ಬೆಲೆ ಬಂದಿತು. ವಿರಳತೆ, ಅಚ್ಚಿನ ಸ್ಪಷ್ಟತೆ ಇವೆರಡೇ ಬೆಲೆಯನ್ನು ಗೊತ್ತುಮಾಡುವುವು. ಅಚ್ಚಿನ ಶತ್ರು ಹುಣಸೆಹುಳಿ. ದೀಪವನ್ನು ಬೆಳಗುವ ಹಾಗೆ ನಾಣ್ಯವನ್ನೂ ಹುಳಿ ಬೂದಿಗಳಿಂದ ಉಜ್ಜಿ ಥಳಥಳಿಸುವಂತೆ ಮಾಡಿದರೆ ನೂರು ವರ್ಷ ಗಂಟು ಕಾಪಾಡಿದುದು ಐದು ನಿಮಿಷದಲ್ಲಿ ಹಾಳಾಗುತ್ತದೆ. ಬರಿಯ ನೀರಿನಲ್ಲಿ ಅದ್ದಿ ಮೆತ್ತನೆಯ ಬಟ್ಟೆಯಲ್ಲಿ ಒತ್ತಿದರೆ ಸಾಕು.

ಇದಕ್ಕಿಂತಲೂ ದೊಡ್ಡ ಅಪಾಯ ದೂರವಾಣಿಯಲ್ಲಿ ಬರುತ್ತದೆ. ದೇವಿಯ ಚಿತ್ರವಿರುವ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುವೆವು, ಮೊದಲು ಶುಲ್ಕವನ್ನು ಕಳುಹಿಸಿರಿ ಎನ್ನುವವರ ಮಾತಿಗೆ ಮರುಳಾಗಬಾರದು. ೨೦೧೨ರ ವೈಷ್ಣೋದೇವಿ ನಾಣ್ಯ ಚಲಾವಣೆಗಾಗಿಯೇ ಹೊರಬಂದ ಸಾಮಾನ್ಯ ನಾಣ್ಯ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಲಾಂಛನವನ್ನೂ ಬಳಸಿ ಹಳೆಯ ನಾಣ್ಯಗಳ ವ್ಯಾಪಾರದಲ್ಲಿ ಶುಲ್ಕ ಕೇಳುವವರಿದ್ದಾರೆಂದೂ, ತನಗೆ ಅಂತಹ ವ್ಯವಹಾರವೇ ಇಲ್ಲವೆಂದೂ ಆ ಬ್ಯಾಂಕೇ ೨೦೨೧ರ ಆಗಸ್ಟ್ ತಿಂಗಳಲ್ಲಿ ಎಚ್ಚರಿಸಿತು. ಇದಕ್ಕೆ ವಿರುದ್ಧವಾದ ಮೌಢ್ಯವೂ ಒಂದುಂಟು: ಒಳ್ಳೆಯ ನಾಣ್ಯವನ್ನು ನಿರಾಕರಿಸುವುದು. ಹತ್ತು ರೂಪಾಯಿಯ ನಾಣ್ಯವನ್ನು ವರ್ತಕರು ಮುಟ್ಟದಿದ್ದಾಗ, ೨೦೧೮ರ ಜನವರಿಯಲ್ಲಿ ಹದಿನಾಲ್ಕು ವಿನ್ಯಾಸಗಳೂ ಸಮಾನವಾಗಿ ಮಾನ್ಯವೆಂದು ಸಾರಬೇಕಾಯಿತು.

ಉಡುಪಿಯಿಂದ ತುಸು ಉತ್ತರಕ್ಕೆ ಬಾರಕೂರಿನಲ್ಲಿ ಆಳುಪರು ಜೋಡಿಮೀನಿನ ಲಾಂಛನದ ಚಿನ್ನದ ನಾಣ್ಯಗಳನ್ನು ಹೊರಡಿಸಿದ್ದರು. ‘ಶ್ರೀ ಪಾಂಡ್ಯ ಧನಂಜಯ’ ಎಂಬುದು ಅವುಗಳ ಬರಹ. ವಿಜಯನಗರದ ಕಾಲಕ್ಕೆ ಬಾರಕೂರು ಗದ್ಯಾಣವೆಂಬ ಹೆಸರೇ ರೂಢವಾಯಿತು. ಕಾರ್ಕಳದಲ್ಲಿ ೧೪೩೨ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಭೈರರಸರ ಕಾಲದ ದತ್ತಿಗಳ ಲೆಕ್ಕವೂ ಇಂತಹ ನಾಣ್ಯಗಳಲ್ಲಿಯೇ. ಇವು ಚಿಲ್ಲರೆಯಲ್ಲಿ ಬಾರವು. ಬಾವಿ ತೋಡುವಾಗ, ತೋಟ ಅಗೆಯುವಾಗ ಬಂದಾವು. ಹಾಗೆ ಬಂದರೆ ನಿಧಿ ಶಾಸನದ ಪ್ರಕಾರ ಅದನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು. ಜೇಬಿನ ನಾಣ್ಯಕ್ಕೆ ಆ ಕಟ್ಟಿಲ್ಲ. ಆದರೆ ನೂರು ವರ್ಷ ಮೀರಿದ ನಾಣ್ಯವನ್ನು ದೇಶದಿಂದ ಹೊರಕ್ಕೆ ಒಯ್ಯುವುದನ್ನು ೧೯೭೨ರ ಶಾಸನ ನಿಷೇಧಿಸಿದೆ. ಅಜ್ಜನ ರೂಪಾಯಿಯನ್ನು ನೆನಪಿಗೆಂದು ದುಬೈಗೆ ಕೊಂಡೊಯ್ಯುವ ಮಕ್ಕಳಿಗೆ ಇದನ್ನು ತಿಳಿಸಿರಬೇಕು.

ಅತ್ತಣಿಂದ ಇತ್ತ ಬರುವ ನಾಣ್ಯಗಳೂ ಉಂಟು. ಮಣಿಪಾಲದ ವಿದ್ಯಾರ್ಥಿಗಳಿಂದ ಮಲೇಷಿಯದ ದಾಸವಾಳದ ಬಿಲ್ಲೆ, ಕೊಲ್ಲಿಯಿಂದ ರಜೆಗೆ ಬಂದವರಿಂದ ಕಾಫಿಹೂಜಿಯ ಚಿತ್ರದ ದಿರ್ಹಮು ಚಿಲ್ಲರೆಯೊಳಗೆ ಬೆರೆಯುತ್ತವೆ. ಬೆರೆಯುತ್ತಿದ್ದುವೆಂದರೆ ಹೆಚ್ಚು ಸರಿಯಾದೀತು. ಈಗ ಎಳನೀರಿನವನ ಬಳಿಯೂ ಚೌಕದ ಚಿತ್ರವೊಂದು ತೂಗುತ್ತಿದೆ; ದೂರವಾಣಿಯನ್ನು ಹಿಡಿದರೆ ಹಣ ಸಂದಾಯವಾಗುತ್ತದೆ, ಚಿಲ್ಲರೆಯ ಪ್ರಸ್ತಾಪವೇ ಇಲ್ಲ. ಮುಡಿಪಿನ ಗಂಟಿನಿಂದ ಡಬ್ಬಿಗೆ, ಡಬ್ಬಿಯಿಂದ ಅಂಗಡಿಗೆ, ಅಂಗಡಿಯಿಂದ ಜೇಬಿಗೆ ಹರಿಯುತ್ತಿದ್ದ ತೊರೆಯು ಕೊನೆಯ ಭಾಗದಲ್ಲಿ ಬತ್ತುತ್ತಿದೆ. ಆದುದರಿಂದ ನೋಡತಕ್ಕ ಸ್ಥಳ ಇನ್ನು ಜೇಬಿಗಿಂತ ಹೆಚ್ಚಾಗಿ ಗಂಟು.

ಮುಡಿಪಿನಲ್ಲಿ ಸಲ್ಲದ ನಾಣ್ಯವಿದ್ದರೆ ಹರಕೆ ಸಂದೀತೆ ಎಂದು ಕೇಳುವವರುಂಟು. ದೇವರು ಶಾಸನದ ಗಡುವನ್ನು ನೋಡುವನೆಂದು ನಮಗೆ ತೋರುವುದಿಲ್ಲ. ಇಂದಿನ ನಾಣ್ಯವೊಂದನ್ನು ಸೇರಿಸಿ ಒಪ್ಪಿಸಬಹುದು, ಅಥವಾ ಹಿರಿಯರನ್ನು ಕೇಳಿ ಬದಲಿಯನ್ನು ಒಪ್ಪಿಸಿ ಹಳೆಯದನ್ನು ಮನೆಯಲ್ಲಿಯೇ ಉಳಿಸಿಕೊಳ್ಳಬಹುದು. ಹೇಗೆ ಮಾಡಿದರೂ ಗಂಟನ್ನು ಬಿಚ್ಚುವಾಗ ಮನೆಯ ಅತ್ಯಂತ ಹಿರಿಯರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿರಿ. ಒಳಗಿನ ಇಸವಿಗಳನ್ನು ಓದಿ ಹೇಳಿ, ಆ ವರ್ಷ ಮನೆಯಲ್ಲಿ ಏನು ನಡೆದಿತ್ತೆಂದು ಕೇಳಿ, ಹೇಳಿದುದನ್ನು ಒಂದು ಕಾಗದದಲ್ಲಿ ಬರೆದು ನಾಣ್ಯದ ಜೊತೆಯಲ್ಲಿ ಇಡಿರಿ. ಅರಸಿನ ಬಟ್ಟೆಯನ್ನೂ ಬಿಸುಡಬೇಡಿರಿ.