ಚಳಿಗೆ ಮೊದಲು ನೀರು ನಿಲ್ಲಿಸುವ ಲೆಕ್ಕ

ಕಾಶ್ಮೀರದ ಟ್ಯೂಲಿಪ್ ಗಡ್ಡೆಗೆ ಹೂ ಬಿಡಲು ಕೊರೆಯುವ ಚಳಿ ಬೇಕು. ಇಂಗ್ಲೆಂಡಿನ ಡೇಲಿಯಾ ಗಡ್ಡೆಯನ್ನು ಅದೇ ಚಳಿಗೆ ಹೆದರಿ ಕಿತ್ತು ಒಳಗಿಡುತ್ತಾರೆ. ಕೋಲಾರ ಸೀಮೆಯಲ್ಲಿ ಮಣ್ಣು ಹೆಪ್ಪುಗಟ್ಟುವುದಿಲ್ಲ. 800 ಮೀಟರಿಗೂ ಎತ್ತರದ ಈ ಬಯಲಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ. ಅಷ್ಟು ಚಳಿ ಗಿಡಗಳಿಗೆ ಉಪಕಾರವೇ. ಅದು ದಕ್ಕಬೇಕಾದರೆ ಯಾವಾಗ ನೀರು ನಿಲ್ಲಿಸಬೇಕೆಂಬುದು ಬೆಳೆಗಾರನಿಗೆ ಗೊತ್ತಿರಬೇಕು.

ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಈ ಲೆಕ್ಕ ಕೊಯ್ಲು ಮುಗಿದ ದಿನದಿಂದಲೇ ಶುರು. ಬಾದಾಮಿ, ಬೇನಿಷಾ, ಮಲ್ಲಿಕಾ ಮುಗಿದು ತೋತಾಪುರಿ, ನೀಲಂ ಇಳಿಯುವ ಹೊತ್ತಿಗೆ ಜುಲೈ ಬಂದಿರುತ್ತದೆ. ಒಣಗಿದ ಕೊಂಬೆ ಸವರಿ, ನೆತ್ತಿಗೆ ಬೆಳಕು ಬಿಡಿಸಿ, ಬುಡಕ್ಕೆ ಕೊಟ್ಟಿಗೆ ಗೊಬ್ಬರ ಕೊಡಲು ಮಳೆಗಾಲದ ಕೆಲವೇ ವಾರಗಳು ಸಿಗುತ್ತವೆ. ಆಗ ಒಡೆದ ಚಿಗುರು ಚಳಿ ಬೀಳುವಷ್ಟರಲ್ಲಿ ಬಲಿಯಬೇಕು. ಎಳೆಯ ಚಿಗುರಿನ ತುದಿಯಲ್ಲಿ ಹೂ ಬರುವುದಿಲ್ಲ.

ಅಕ್ಟೋಬರಿನಿಂದಾಚೆ ಹನಿ ನೀರಾವರಿಯ ಪೈಪಿದ್ದರೂ ಗೇಟ್‌ವಾಲ್ವ್ ಮುಚ್ಚಿಡುವುದೇ ಜಾಣತನ. ಒಣ ಮಣ್ಣು, ತಂಪು ರಾತ್ರಿ ಎರಡೂ ಕೂಡಿದಾಗ ಮರ ಎಲೆ ಬಿಡುವುದನ್ನು ನಿಲ್ಲಿಸಿ ಹೂವಿನ ಮೊಗ್ಗು ಕಟ್ಟುತ್ತದೆ. ಈ ಲೆಕ್ಕ ಕೆಡಿಸುವುದು ಹಿಂಗಾರು. 2021ರ ನವೆಂಬರಿನಲ್ಲಿ ಸುರಿದ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಹರಿದವು. ನೀರಿಗೆ ಬರಗೆಟ್ಟ ಸೀಮೆಗೆ ಅದು ಹಬ್ಬ. ಮಾವಿಗೆ ಮಾತ್ರ ಅಂಥ ಮಳೆ ಒಗ್ಗದು. ತೇವ ಹೆಚ್ಚಿದರೆ ಮರ ಮತ್ತೆ ಚಿಗುರಿಗೆ ತಿರುಗಿ, ಹೂ ಹಿಂದೆ ಬೀಳುತ್ತದೆ.

ಹೂ ಖಚಿತವಾಗಲಿ ಎಂದು ಕೆಲವರು ಬುಡಕ್ಕೆ ಪ್ಯಾಕ್ಲೋಬ್ಯೂಟ್ರಜಾಲ್ ಹಾಕುತ್ತಾರೆ. ಮರದ ಬೆಳವಣಿಗೆಯನ್ನು ತಡೆದು ಹೂವಿನ ಕಡೆಗೆ ತಿರುಗಿಸುವ ಔಷಧಿ ಅದು. ಸೊರಗಿದ ಮರಕ್ಕೆ, ಇನ್ನೂ ಎಳೆಯದಾದ ಗಿಡಕ್ಕೆ ಅದನ್ನು ಹಾಕುವುದು ಅನ್ಯಾಯ. ಪ್ರತಿವರ್ಷ ಅಳತೆ ಮೀರಿ ಹಾಕಿದರೆ ಮಣ್ಣಿನಲ್ಲಿ ಉಳಿಯುತ್ತದೆ, ಮರ ಕುಗ್ಗುತ್ತದೆ. ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕೆ ಕಾಲೇಜು ಎರಡೂ ಇವೆ. ಅಲ್ಲಿ ಕೇಳಿಯೇ ಕೈ ಹಾಕುವುದು ಕ್ಷೇಮ.

ತೊಗಟೆಯ ಸಂದಿಯಲ್ಲಿ ಅಡಗಿದ್ದ ಜಿಗಿಹುಳು ಹೂಗೊಂಚಲು ಕಂಡೊಡನೆ ಮೇಲೇರುತ್ತದೆ. ತಂಪು ರಾತ್ರಿಗಳಲ್ಲಿ ಬೂದಿ ರೋಗವೂ ಹರಡುತ್ತದೆ. ಸಿಂಪಡಿಸುವುದಿದ್ದರೆ ಹೂ ಅರಳುವ ಮುನ್ನ ಮುಗಿಸಬೇಕು, ಏಕೆಂದರೆ ಮಾವಿನ ಪರಾಗ ಸಾಗಿಸುವುದು ನೊಣ, ಜೇನುಗಳು. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಮತ್ತೆ ನೀರು.

ಸುಗಂಧರಾಜದ ಲೆಕ್ಕ ಬೇರೆ. ಮೆಕ್ಸಿಕೋ ಮೂಲದ ಈ ಗಡ್ಡೆಗೆ ಬೆಚ್ಚಗಿದ್ದರೇ ಹಿತ. ಚಳಿಯಲ್ಲಿ ಹೂವಿನ ಕಡ್ಡಿ ಕಡಿಮೆ, ಬಂದದ್ದೂ ಗಿಡ್ಡ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಜ್ವಲ್ ತಳಿಗೂ ಇದರಿಂದ ವಿನಾಯಿತಿಯಿಲ್ಲ. ಹಾಗಾಗಿ ಚಳಿಗಾಲದಲ್ಲಿ ನೀರು ಹಿಡಿತದಲ್ಲಿರಲಿ, ಮಣ್ಣು ಕೆಸರಾಗಿದ್ದರೆ ಗಡ್ಡೆ ಕೊಳೆಯುತ್ತದೆ. ಎರಡು ಮೂರು ವರ್ಷ ನಿಂತ ಪಾತಿಯಲ್ಲಿ ಗಡ್ಡೆಗಳು ಒತ್ತೊತ್ತಾಗಿ ಹೂ ಸಣ್ಣದಾಗುತ್ತದೆ. ಅಲ್ಲಿ ನೀರು ಪೂರ್ತಿ ನಿಲ್ಲಿಸಿ, ಎಲೆ ಹಳದಿಯಾದ ಮೇಲೆ ಅಗೆಯುತ್ತಾರೆ. ಮಣ್ಣು ಉದುರಿಸಿ, ಮರಿಗಡ್ಡೆ ಬಿಡಿಸಿ, ನೆರಳಲ್ಲಿ ತೆಳುವಾಗಿ ಹರಡಿ, ಬೂಸ್ಟು ಹಿಡಿಯದಂತೆ ಆಗಾಗ ಮಗುಚುತ್ತಾರೆ. ಹೀಗೆ ಒಂದು ತಿಂಗಳಾದರೂ ವಿಶ್ರಾಂತಿ ಸಿಕ್ಕಿದ ಗಡ್ಡೆಯೇ ನಾಟಿಗೆ ಲೇಸು. ಬೇರಿನಲ್ಲಿ ಗಂಟು ಕಂಡದ್ದು ಜಂತುಹುಳು ಬಾಧೆಯದು, ಅದನ್ನು ಹೊರಗೆಸೆಯಬೇಕು.

ಮಾಲೂರು, ಮುಳಬಾಗಿಲಿನ ಮನೆಯಂಗಳಗಳಲ್ಲಿ ಕುಂಡದ ಸೇವಂತಿಗೆ ಹಗಲು ಗಿಡ್ಡವಾಗುತ್ತಲೇ ಮೊಗ್ಗಾಗುತ್ತದೆ. ಹೂ ತೀರಿದ ಮೇಲೆ ಅನೇಕರು ಗಿಡ ಸತ್ತಿತೆಂದು ಕಿತ್ತೆಸೆಯುತ್ತಾರೆ. ಕಾಂಡವನ್ನು ನೆಲದಿಂದ ನಾಲ್ಕೈದು ಇಂಚು ಬಿಟ್ಟು ಕತ್ತರಿಸಿ, ಮಣ್ಣು ಆರಿದಾಗಲಷ್ಟೇ ನೀರುಣಿಸಿದರೆ ಬುಡದಿಂದ ಹೊಸ ಸಸಿಗಳು ಏಳುತ್ತವೆ. ಅವನ್ನು ಬೇರು ಸಮೇತ ಬಿಡಿಸಿ ಬೇರೆ ಕುಂಡಗಳಿಗೆ ಹಾಕಿಕೊಳ್ಳಬಹುದು.