ಅಜ್ಜನ ಕೋವಿಗಿಲ್ಲದ ರಗಳೆ ಪಿಸ್ತೂಲಿಗೇಕೆ?

ಪ್ರಶ್ನೆ: ಕೈಲ್‌ಪೊಳ್ದ್ ಹಬ್ಬಕ್ಕೆ ಪೂಜೆಗಿಡುವ ಅಜ್ಜನ ಒಂಟಿನಳಿಗೆ ಕೋವಿ ಒಂದು ದಿನವೂ ಕೈಕೊಟ್ಟಿಲ್ಲ. ಮಗಳು ರೇಂಜ್‌ನಲ್ಲಿ ಅಭ್ಯಾಸ ಮಾಡುವ .22 ಪಿಸ್ತೂಲು ಮಾತ್ರ ಆಗಾಗ ಸಿಕ್ಕಿಹಾಕಿಕೊಳ್ಳುತ್ತದೆ. ಏಕೆ?
– ಓದುಗರೊಬ್ಬರು, ಗೋಣಿಕೊಪ್ಪಲು

ಉತ್ತರ: ಅಜ್ಜನ ಕೋವಿಯಲ್ಲಿ ಖಾಲಿ ತೋಟೆ ತೆಗೆದು ಹೊಸದನ್ನು ತುಂಬುವುದು ಕೈಯ ಕೆಲಸ. ಪಿಸ್ತೂಲಿನಲ್ಲಿ ಅದನ್ನು ತೋಟೆಯ ಶಕ್ತಿಯೇ ಮಾಡಬೇಕು: ಸಿಡಿದ ತೋಟೆ ಹಿಂದಕ್ಕೆ ಒದ್ದು ಸ್ಲೈಡನ್ನು ತಳ್ಳುತ್ತದೆ, ಸ್ಪ್ರಿಂಗ್ ಅದನ್ನು ಮುಂದಕ್ಕೆ ತರುವಾಗ ಮ್ಯಾಗಜಿನ್‌ನಿಂದ ಇನ್ನೊಂದು ತೋಟೆ ಮೇಲೇರುತ್ತದೆ. .22ರಲ್ಲಿ ಆ ಒದೆತವೇ ಪುಟ್ಟದು. ಸ್ವಲ್ಪ ಜಿಡ್ಡು ಹಿಡಿದರೂ ಸ್ಲೈಡ್ ಅರ್ಧದಲ್ಲೇ ನಿಲ್ಲುತ್ತದೆ.

ಜಿಡ್ಡಿಗಂತೂ ಬರವಿಲ್ಲ. ಈ ತೋಟೆಗಳ ಸೀಸದ ಗುಂಡಿಗೆ ಸಾಮಾನ್ಯವಾಗಿ ಮೇಣ ಸವರಿರುತ್ತಾರೆ. ಅದು ಮಸಿಯೊಂದಿಗೆ ಸೇರಿ ತೋಟೆ ಕೂರುವ ಗೂಡಿಗೆ ಮೆತ್ತಿಕೊಳ್ಳುತ್ತದೆ. ಕೊಡಗಿನ ಮಳೆಗಾಲದ ತೇವಕ್ಕೆ ಹೆದರಿ ಎಣ್ಣೆ ಸುರಿದರೆ ಮಸಿ ಇನ್ನಷ್ಟು ಅಂಟುತ್ತದೆ. ತೆಳುವಾಗಿ ಒರೆಸಿದರೆ ಸಾಕು.

ಚೊಕ್ಕ ಮಾಡಿದ ಮೇಲೂ ತೊಂದರೆ ಇದ್ದರೆ ಬೇರೆ ಕಂಪನಿಯ ತೋಟೆ, ಆಮೇಲೆ ಬೇರೆ ಮ್ಯಾಗಜಿನ್ ಹಾಕಿ ನೋಡಲಿ. ಕುದುರೆ ಎಳೆದರೂ ಸಿಡಿಯದ ತೋಟೆಯ ವಿಷಯ ಬೇರೆ. .22 ತೋಟೆಯ ಸಿಡಿಮದ್ದು ಇರುವುದು ಹಿಂಭಾಗದ ಅಂಚಿನೊಳಗೆ. ಕೆಲವೊಮ್ಮೆ ಅದು ಸುತ್ತಲೂ ಸಮನಾಗಿ ಹರಡಿರುವುದಿಲ್ಲ. ಸಿಡಿಯದ ತೋಟೆ ತಡವಾಗಿಯೂ ಸಿಡಿದೀತು. ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಸ್ಪ್ರಿಂಗ್ ಕತ್ತರಿಸುವುದು, ಅರ ಹಾಕುವುದು ಮನೆಯಲ್ಲಿ ಬೇಡ. ಅದು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೆಲಸ.