ಕೆಂಬೂತ ಕೇಳುತ್ತದೆ, ಸೂರಕ್ಕಿ ಕೇಳುವುದಿಲ್ಲ

ಮೈಸೂರಿನ ಹೊರವಲಯದ ವೃದ್ಧಾಶ್ರಮ, ಬೆಳಗಿನ ಹೊತ್ತು. ಬೇಲಿಯ ಲಂಟಾನದೊಳಗಿಂದ ಕೆಂಬೂತ ‘ಊಪ್ ಊಪ್’ ಎಂದಿತು. ಜಗಲಿಯಲ್ಲಿ ಬಿಸಿಲು ಕಾಯಿಸುತ್ತಿದ್ದವರೆಲ್ಲ ಆ ಕಡೆ ತಿರುಗಿದರು. ಆಮೇಲೆ ಎರಡು ಮಾರು ದೂರದ ದಾಸವಾಳಕ್ಕೆ ಸೂರಕ್ಕಿ ಬಂತು. ಕೊಕ್ಕು ತೆರೆದು ಒಂದೇ ಸಮನೆ ಚಿಕ್‌ಗುಟ್ಟಿತು. ಅಜ್ಜಿಯೊಬ್ಬರು ಅದನ್ನೇ ನೋಡುತ್ತ, “ಬಾಯಿ ಬಿಡುತ್ತೆ, ಸದ್ದೇ ಇಲ್ವಲ್ಲ!” ಎಂದರು.

ಕೆಂಬೂತದ ದನಿ 1,000 ಹರ್ಟ್ಜ್‌ಗಿಂತ ಕೆಳಗಿನದು. ಸೂರಕ್ಕಿಯದು ಅದಕ್ಕಿಂತ ಬಹಳ ಮೇಲೆ. ಒಳಗಿವಿಯ ಕಾಕ್ಲಿಯಾದ ಬುಡದಲ್ಲಿರುವ ರೋಮಕೋಶಗಳು ಕೀಚಲು ದನಿಯನ್ನು ಹಿಡಿಯುತ್ತವೆ. ವಯಸ್ಸಾದಂತೆ ಮೊದಲು ಸವೆಯುವುದೂ ಅವೇ. ಹಕ್ಕಿಗಳಲ್ಲಿ ಇಂಥ ಕೋಶ ಸತ್ತರೂ ಮತ್ತೆ ಹುಟ್ಟುತ್ತದೆಂದು 1988ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ನಮಗೆ ಆ ಭಾಗ್ಯವಿಲ್ಲ. ಮಾತಿನಲ್ಲಿ ಸ, ಶಗಳು ತಿಳಿಯಾಗುವುದೂ ಈ ಮೇಲಿನ ದನಿಗಳಿಂದಲೇ. ಅದಕ್ಕೇ ಜಗಲಿಯ ಸಾಮಾನ್ಯ ದೂರು: “ಮಾತು ಕೇಳ್ಸುತ್ತೆ, ಏನಂದ್ರು ಗೊತ್ತಾಗಲ್ಲ.”

ಬಕೆಟ್ ಹಿಡಿದ ಆಯಾ ಬೆನ್ನ ಹಿಂದಿನಿಂದ “ಸ್ನಾನಕ್ಕೆ ಬನ್ನಿ” ಎಂದು ಕಿರುಚಿದಳು. ಯಾರೂ ಅಲುಗಲಿಲ್ಲ. ಕಿರುಚಿದಷ್ಟೂ ದನಿ ಮೇಲೇರುತ್ತದೆ, ಅಕ್ಷರ ಒಡೆಯುತ್ತದೆ. ಸಿಸ್ಟರ್ ಮೊದಲು ಟಿವಿ ಆರಿಸಿದರು. ಬೆಳಕು ತಮ್ಮ ಮುಖಕ್ಕೆ ಬೀಳುವಂತೆ ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತರು, ಮಾಸ್ಕ್ ಇಳಿಸಿದರು. ತಗ್ಗಿದ ದನಿಯಲ್ಲಿ ನಿಧಾನವಾಗಿ, “ಅಜ್ಜಿ, ನೀರು ಕಾದಿದೆ, ಸ್ನಾನ ಮಾಡೋಣ್ವಾ?” ಎಂದರು. ಅಜ್ಜಿ ಎದ್ದರು.

ಪಕ್ಕದ ತಾತನ ಶ್ರವಣಯಂತ್ರ ಕುಯ್ಯೆನ್ನುತ್ತಿತ್ತು. ಸಿಸ್ಟರ್ ತೆಗೆದು ನೋಡಿದರೆ ಕಿವಿಗೆ ಕೂರುವ ಅಚ್ಚಿನ ತೂತಿಗೆ ಗುಗ್ಗೆ ಮೆತ್ತಿದೆ. ಪುಟ್ಟ ಬ್ರಷ್‌ನಲ್ಲಿ ಕೆರೆದು, ಒಣಬಟ್ಟೆಯಲ್ಲಿ ಒರೆಸಿ, ಸರಿಯಾಗಿ ಕೂರಿಸಿದರು, ಕುಯ್ಯೆನ್ನುವುದು ನಿಂತಿತು. ಕಿವಿಯೊಳಗಿನ ಗುಗ್ಗೆಗೆ ಮಾತ್ರ ಹೇರ್‌ಪಿನ್ನೂ ಇಲ್ಲ, ಬಡ್ಸೂ ಇಲ್ಲ. ಅದು ಡಾಕ್ಟರ ಕೆಲಸ. ಬ್ಯಾಟರಿ ಗಾಳಿಯಿಂದ ಜೀವ ಪಡೆಯುವಂಥದ್ದು: ಸ್ಟಿಕ್ಕರ್ ಕಿತ್ತ ಮೇಲೆ ಕೆಲ ನಿಮಿಷ ಬಿಟ್ಟು ಹಾಕಬೇಕು. ಮಳೆಗಾಲದ ರಾತ್ರಿ ಅದರ ಬಾಗಿಲು ತೆರೆದು, ಯಂತ್ರವನ್ನು ಸಿಲಿಕಾ ಜೆಲ್ ಡಬ್ಬಿಯಲ್ಲಿ ಇಡುತ್ತಾರೆ.

ಯಾರಿಗೆ ಯಾವ ಹಕ್ಕಿ ಕೇಳಿಸಿತೆಂದು ಸಿಸ್ಟರ್ ಬರೆದುಕೊಳ್ಳುತ್ತಾರೆ. ಅದು ಪರೀಕ್ಷೆಯಲ್ಲ, ಸುಳಿವು ಮಾತ್ರ. ಪರೀಕ್ಷೆಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಊರಲ್ಲಿದೆ. ಹೊಸ ಯಂತ್ರ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಫ್ಯಾನು, ತಟ್ಟೆ, ಚಪ್ಪಲಿ, ಎಲ್ಲದರ ಸದ್ದೂ ಒಟ್ಟಿಗೆ ಕಿವಿಗೆ ನುಗ್ಗುತ್ತದೆ. ಬೇಸತ್ತು ಯಂತ್ರವನ್ನು ಪೆಟ್ಟಿಗೆಗೆ ಹಾಕಿಬಿಡುವವರೂ ಉಂಟು. ಅದಕ್ಕೇ ಸಿಸ್ಟರ್ ಮೊದಮೊದಲು ಸದ್ದಿಲ್ಲದ ಕೋಣೆಯಲ್ಲಿ ಸ್ವಲ್ಪ ಹೊತ್ತಷ್ಟೇ ಹಾಕಿಸುತ್ತಾರೆ. ಅಷ್ಟರಲ್ಲಿ ಕಿಟಕಿಯಾಚೆ ಹರಟೆಮಲ್ಲಗಳ ಗುಂಪು ಇಳಿಯಿತು. ತಾತ ಹುಬ್ಬು ಗಂಟಿಕ್ಕಿದರು: “ಥೂ, ಇವಕ್ಕೆ ಇಷ್ಟು ಬಾಯಾ!”